ತರಗೆಲೆ ಕರಗಿಸುವ ಬ್ಯಾಕ್ಟೀರಿಯಾ ಹಿಡಿಯುವುದು ಹೇಗೆ?

ನಮ್ಮ ಟೆರೇಸಿನ ಕಾಂಪೋಸ್ಟ್ ಬಕೆಟ್ಟಿನಲ್ಲಿ ಉಳಿದ ಅನ್ನ, ಸೊಪ್ಪಿನ ದಂಟು, ಬಾಳೆಹಣ್ಣಿನ ಸಿಪ್ಪೆ ಎಲ್ಲ ಬೇಗ ಬೇಗ ಗುರುತು ಸಿಗದ ಹಾಗೆ ಆಗಿಬಿಡುತ್ತವೆ. ಹೊಂಗೆ ಎಲೆ ಮಾತ್ರ ತಿಂಗಳು ಕಳೆದರೂ ನರಗಳನ್ನು ತೋರಿಸಿಕೊಂಡು ಹಾಗೇ ಬಿದ್ದಿರುತ್ತದೆ. ಆದರೂ ಒಂದು ದಿನ ಅದೂ ಕರಗುತ್ತದೆ. ಕರಗಿಸುವವರು ಯಾರು? ಅವರನ್ನು ಹಿಡಿದು ಪ್ಲೇಟಿನ (ಬ್ಯಾಕ್ಟೀರಿಯಾ ಬೆಳೆಸುವ, ಮುಚ್ಚಳ ಇರುವ ಚಪ್ಪಟೆ ತಟ್ಟೆ) ಮೇಲೆ ಕೂರಿಸಿ, ಅವರ ಕೆಲಸವನ್ನು ಕಣ್ಣಾರೆ ನೋಡುವುದು ಹೇಗೆ ಅನ್ನುವುದೇ ಈ ಬರಹ.

ಬಿಎಸ್ಸಿ ಮೈಕ್ರೋಬಯಾಲಜಿಯ ಮಕ್ಕಳು ಪ್ರಾಜೆಕ್ಟ್ ಅಂದ ಕೂಡಲೇ ಇದನ್ನೇ ಆರಿಸಿಕೊಳ್ಳುತ್ತಾರೆ. ಖರ್ಚು ಕಡಿಮೆ, ಫಲಿತಾಂಶ ನೋಡೋಕೆ ಚಂದ. ಆದರೆ ಹೆಚ್ಚಿನವರು ಕೊನೆಯಲ್ಲಿ ಬಣ್ಣ ಸುರಿದಾಗ ಕೆಂಪು ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾದ ಸುತ್ತ ಹಳದಿ ವೃತ್ತ ಕಂಡ ಕೂಡಲೇ ಫೋಟೋ ತೆಗೆದು ಮುಗಿಸಿಬಿಡುತ್ತಾರೆ. ಆ ವೃತ್ತ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ನನಗೆ ಫೋಟೋಗಿಂತ ಮುಖ್ಯ. ಇದನ್ನು ಕಾಲೇಜಿನ ಲ್ಯಾಬಿನಲ್ಲಿ, ಗೊತ್ತಿರುವವರು ಜೊತೆಯಲ್ಲಿದ್ದಾಗಲೇ ಮಾಡಿ. ಮಣ್ಣಿನಿಂದ ಏನು ಬೆಳೆದು ಬರುತ್ತದೆ ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ.

ಮೊದಲು ಗೋಡೆಯ ಕಥೆ

ಗಿಡದ ಪ್ರತಿ ಜೀವಕೋಶಕ್ಕೂ ಸುತ್ತ ಒಂದು ಗೋಡೆ ಇದೆ. ಅದರ ಮುಖ್ಯ ಎಳೆ ಸೆಲ್ಯುಲೋಸ್. ಎಳೆಗಳ ನಡುವೆ ಹೆಮಿಸೆಲ್ಯುಲೋಸ್ ಮತ್ತು ಪೆಕ್ಟಿನ್. ಬಲಿತ ಭಾಗಗಳಲ್ಲಿ ಇದರ ಮೇಲೆ ಲಿಗ್ನಿನ್ ಎಂಬ ಗಟ್ಟಿ ವಸ್ತು ಸೇರಿಕೊಳ್ಳುತ್ತದೆ. ಸೆಲ್ಯುಲೋಸ್ ಅಂದರೆ ಗ್ಲೂಕೋಸಿನ ಉದ್ದ ಸರ, ಒಂದು ಸರದಲ್ಲಿ ಸಾವಿರಾರು ಗ್ಲೂಕೋಸ್ ಇರಬಹುದು. ಅನ್ನದಲ್ಲಿರುವ ಪಿಷ್ಟವೂ ಗ್ಲೂಕೋಸಿನ ಸರವೇ. ವ್ಯತ್ಯಾಸ ಇರುವುದು ಗಂಟು ಹಾಕಿದ ರೀತಿಯಲ್ಲಿ. ಪಿಷ್ಟದ್ದು ಆಲ್ಫಾ ಬಂಧ, ಸೆಲ್ಯುಲೋಸಿನದ್ದು ಬೀಟಾ ಬಂಧ. ಈ ಒಂದು ಗಂಟಿನ ವ್ಯತ್ಯಾಸಕ್ಕೆ ನಮಗೆ ಅನ್ನ ಜೀರ್ಣವಾಗುತ್ತದೆ, ಹುಲ್ಲು ಆಗುವುದಿಲ್ಲ.

ಈ ಗಂಟು ಬಿಚ್ಚುವ ಕಿಣ್ವಗಳಿಗೆ ಒಟ್ಟಾಗಿ ಸೆಲ್ಯುಲೇಸ್ ಅಂತ ಹೆಸರು. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಮಲ್ಲಿಗೆ ಮಾರುವವರ ಬುಟ್ಟಿ ನೆನಪಿಸಿಕೊಳ್ಳಿ. ಸುತ್ತಿಟ್ಟ ಉದ್ದ ದಂಡೆಯನ್ನು ನಡುವೆ ಎಲ್ಲೋ ಕತ್ತರಿಸುವುದು ಎಂಡೋಗ್ಲೂಕನೇಸ್ ಮಾಡುವ ಕೆಲಸ. ಕತ್ತರಿಸಿದ ತುದಿಯಿಂದ ಎರಡೆರಡೇ ಹೂವಿನ ಜೋಡಿ ಬಿಡಿಸುತ್ತಾ ಹೋಗುವುದು ಎಕ್ಸೋಗ್ಲೂಕನೇಸ್. ಆ ಜೋಡಿಯೇ ಸೆಲ್ಲೋಬಯೋಸ್. ಜೋಡಿಯನ್ನು ಒಂದೊಂದು ಹೂವಾಗಿ ಬಿಡಿಸುವುದು ಬೀಟಾ ಗ್ಲೂಕೋಸಿಡೇಸ್. ಮೂವರೂ ಸೇರಿದರೆ ಮಾತ್ರ ದಂಡೆ ಪೂರ್ತಿ ಬಿಡಿ ಹೂವಾಗುತ್ತದೆ. ಮುಂದೆ ಹಳದಿ ವೃತ್ತಕ್ಕೆ ಬಂದಾಗ ಇದು ಬೇಕಾಗುತ್ತದೆ, ಮರೆಯಬೇಡಿ.

ಇನ್ನೊಂದು ವಿಷಯ. ಸೆಲ್ಯುಲೋಸಿನ ಎಳೆ ಬ್ಯಾಕ್ಟೀರಿಯಾದ ಒಳಗೆ ಹೋಗುವುದಿಲ್ಲ, ಅಷ್ಟು ದೊಡ್ಡದು. ಹಾಗಾಗಿ ಬ್ಯಾಕ್ಟೀರಿಯಾ ಕಿಣ್ವವನ್ನೇ ಹೊರಗೆ ಕಳಿಸಬೇಕು. ಬ್ಯಾಸಿಲಸ್, ಸೆಲ್ಯುಲೋಮೊನಾಸ್, ಸ್ಟ್ರೆಪ್ಟೊಮೈಸಿಸ್ ಮುಂತಾದವು ಕಿಣ್ವವನ್ನು ಸುತ್ತಲಿಗೆ ಸುರಿಸುತ್ತವೆ. ಆಮ್ಲಜನಕ ಇಲ್ಲದ ಕಡೆ ಬದುಕುವ ಕೆಲವು ಕ್ಲಾಸ್ಟ್ರಿಡಿಯಂಗಳ ದಾರಿ ಬೇರೆ. ಅವು ಹಲವು ಕಿಣ್ವಗಳನ್ನು ಒಂದೇ ಗೊಂಚಲಾಗಿ ಕಟ್ಟಿ ಮೈಗೆ ಅಂಟಿಸಿಕೊಂಡಿರುತ್ತವೆ. 1983ರಲ್ಲಿ ವಿವರಿಸಲಾದ ಈ ಗೊಂಚಲಿಗೆ ಸೆಲ್ಯುಲೋಸೋಮ್ ಅಂತ ಹೆಸರು. ನಾವು ಇಲ್ಲಿ ಹಿಡಿಯುವುದು ಮೊದಲನೇ ಜಾತಿಯವರನ್ನು, ಗಾಳಿಯಲ್ಲಿ ಬೆಳೆಯುವವರನ್ನು.

ಹಂತ 1: ಎಲ್ಲಿಂದ ತೆಗೆಯುವುದು

ಕಾಂಪೋಸ್ಟ್ ಬಕೆಟ್ಟಿನ ಮೇಲಿನ ಒಣ ಎಲೆ ಬೇಡ, ಎಲ್ಲ ಕರಗಿ ಕಪ್ಪಾದ ತಳದ ಗೊಬ್ಬರವೂ ಬೇಡ. ಅರ್ಧ ಕೊಳೆತು ಬೆರಳಲ್ಲಿ ಹಿಸುಕಿದರೆ ಮುರಿಯುವ ಎಲೆಯ ಪದರ ಬೇಕು. ಊಟ ನಡೆಯುತ್ತಿರುವ ಕಡೆಗೇ ಹೋಗಬೇಕು ತಾನೇ? ಅಪಾರ್ಟ್‌ಮೆಂಟಿನ ಎಲೆ ಗುಂಡಿ, ಮರದ ಬುಡದ ಎಲೆರಾಶಿ, ಹಸುವಿನ ಸಗಣಿ ಎಲ್ಲವೂ ಆಗುತ್ತದೆ. ಲಾಲ್‌ಬಾಗ್, ಕಬ್ಬನ್ ಪಾರ್ಕಿನಿಂದ ಕೇಳದೆ ಮಣ್ಣು ತುಂಬಿಕೊಂಡು ಬರಬೇಡಿ. ನಿಮ್ಮ ಬೀದಿಯ ಮರದ ಬುಡದಲ್ಲೇ ಬೇಕಾದಷ್ಟಿದೆ.

ಸ್ಪಿರಿಟ್ಟಿನಲ್ಲಿ ಒರೆಸಿದ ಚಮಚದಲ್ಲಿ ಹತ್ತು ಗ್ರಾಂ ತೆಗೆದು ಹೊಸ ಜಿಪ್ ಕವರಿಗೆ ಹಾಕಿ. ಜಾಗ, ದಿನಾಂಕ, ಯಾವ ಮರದ ಎಲೆ ಅಂತ ಬರೆಯಿರಿ. ಅದೇ ದಿನ ಕೆಲಸ ಶುರು ಮಾಡಿದರೆ ಒಳ್ಳೆಯದು.

ಹಂತ 2: ಆಹಾರ ತಯಾರಿಸುವುದು

ಅರ್ಧ ಲೀಟರ್ ನೀರಿಗೆ ಲೆಕ್ಕ ಹೀಗೆ: ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಅಂದರೆ ಸಿಎಂಸಿ, 5 ಗ್ರಾಂ. ದ್ರವವನ್ನು ಪ್ಲೇಟಿನಲ್ಲಿ ಗಟ್ಟಿ ಮಾಡುವ ಅಗರ್ 8 ಗ್ರಾಂ. ಅಮೋನಿಯಂ ಸಲ್ಫೇಟ್ ಅರ್ಧ ಗ್ರಾಂ, ಡೈಪೊಟ್ಯಾಸಿಯಂ ಫಾಸ್ಫೇಟ್ ಅರ್ಧ ಗ್ರಾಂ, ಉಪ್ಪು ಕಾಲು ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.1 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ ಕಾಲು ಗ್ರಾಂ. ಪಿಎಚ್ 7ಕ್ಕೆ ತನ್ನಿ. ಒಂದು ಪ್ಲೇಟಿಗೆ 20 ಮಿ.ಲೀ. ಅಂದರೆ ಇದರಲ್ಲಿ ಸುಮಾರು 25 ಪ್ಲೇಟ್ ಆಗುತ್ತವೆ.

ಸಿಎಂಸಿ ಅಂದರೆ ನೀರಿನಲ್ಲಿ ಕರಗುವ ಹಾಗೆ ಬದಲಾಯಿಸಿದ ಸೆಲ್ಯುಲೋಸ್. ಹೆಸರಿಗೆ ಕರಗುತ್ತದೆ. ಬಿಸಿ ನೀರಿಗೆ ಒಮ್ಮೆಲೇ ಸುರಿದಿರೋ, ಗಂಟು ಗಂಟು! ಹೊರಗೆ ಅಂಟು, ಒಳಗೆ ಒಣ ಪುಡಿ. ರಾಗಿ ಅಂಬಲಿ ಮಾಡುವವರಿಗೆ ಇದರ ಮದ್ದು ಗೊತ್ತು. ತಣ್ಣೀರನ್ನು ಜೋರಾಗಿ ತಿರುಗಿಸುತ್ತಾ, ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಸಮಯ ಇದ್ದರೆ ಹಿಂದಿನ ಸಂಜೆಯೇ ಕಲಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆಗೆ ತಿಳಿಯಾಗಿರುತ್ತದೆ. ಆಮೇಲೆ ಉಳಿದದ್ದು ಸೇರಿಸಿ.

ಈ ಪಟ್ಟಿಯಲ್ಲಿ ಗ್ಲೂಕೋಸ್ ಇಲ್ಲದಿರುವುದು ಮರೆವಿನಿಂದಲ್ಲ. ಸುಲಭದ ಸಕ್ಕರೆ ಸಿಕ್ಕರೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಸೆಲ್ಯುಲೇಸ್ ತಯಾರಿಸುವುದನ್ನೇ ನಿಲ್ಲಿಸುತ್ತವೆ. ಹೋಳಿಗೆ ಬಡಿಸಿ ಆಮೇಲೆ ಒಣ ರೊಟ್ಟಿ ತಿನ್ನು ಅಂದ ಹಾಗೆ. ಯೀಸ್ಟ್ ಎಕ್ಸ್‌ಟ್ರಾಕ್ಟ್ ಜಾಸ್ತಿಯಾದರೂ ಇದೇ ತರಹದ ತೊಂದರೆ: ಸೆಲ್ಯುಲೋಸ್ ಮುಟ್ಟದವರೂ ಅದನ್ನೇ ತಿಂದು ಪ್ಲೇಟ್ ತುಂಬಿಕೊಳ್ಳುತ್ತಾರೆ.

ಹಂತ 3: ಬೆಂಗಳೂರಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಈ ಆಹಾರದಲ್ಲಿ ಮೊದಲೇ ಇರುವ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಅದನ್ನು ಆಟೋಕ್ಲೇವಿನಲ್ಲಿ, ಅಂದರೆ ಒತ್ತಡದ ಆವಿಯಲ್ಲಿ ಬೇಯಿಸುವ ಯಂತ್ರದಲ್ಲಿ ಇಡಬೇಕು. ಪುಸ್ತಕದಲ್ಲಿ 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ ಅಂತ ಇರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆಟೋಕ್ಲೇವಿನ ಮುಳ್ಳು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡ ಇದೆ ಅಂತ ಮಾತ್ರ. ಹೊರಗಿನ ಗಾಳಿಯ ಒತ್ತಡವೇ ಇಲ್ಲಿ ಕಡಿಮೆ. ಹಾಗಾಗಿ ಮುಳ್ಳು 15 ತೋರಿಸಿದರೂ ಒಳಗಿನ ಆವಿ ಸುಮಾರು 119 ಡಿಗ್ರಿ ಮಾತ್ರ. ತಾಪಮಾನ ನೋಡಿ ನಡೆಯುವ ಹೊಸ ಯಂತ್ರಕ್ಕೆ ಈ ಚಿಂತೆ ಇಲ್ಲ. ಕುಕ್ಕರ್ ತರಹದ ಹಳೆಯದಾದರೆ 20ರಿಂದ 25 ನಿಮಿಷ ಕೊಡಿ. ಸಿಎಂಸಿ ಮಂದವಾಗಿರುವುದರಿಂದ ಬಿಸಿ ಒಳಗೆ ಇಳಿಯುವುದೂ ನಿಧಾನ. ಫ್ಲಾಸ್ಕನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಹಾಲಿನ ಹಾಗೆ ಉಕ್ಕುತ್ತದೆ.

ಹೊರಗೆ ತೆಗೆದ ಮೇಲೆ ಕೈಯಲ್ಲಿ ಹಿಡಿಯುವಷ್ಟು ಬಿಸಿಗೆ ಇಳಿಯಲಿ. ಆಮೇಲೆ ಪ್ಲೇಟಿಗೆ ಸುರಿಯಿರಿ. ತುಂಬಾ ಬಿಸಿ ಇದ್ದಾಗ ಸುರಿದರೆ ಮುಚ್ಚಳದ ಮೇಲೆ ನೀರು ಕಟ್ಟುತ್ತದೆ. ಆ ಹನಿ ಬಿದ್ದರೆ ಬೇರೆ ಬೇರೆ ಕಾಲನಿಗಳು (ಒಂದೇ ಕಡೆ ಬೆಳೆದ ಬ್ಯಾಕ್ಟೀರಿಯಾದ ಗುಡ್ಡೆಗಳು) ಸೇರಿಕೊಂಡುಬಿಡುತ್ತವೆ.

ಹಂತ 4: ತೆಳು ಮಾಡಿ ಹರಡುವುದು

ಒಂದು ಗ್ರಾಂ ಎಲೆಯನ್ನು ಸ್ಟೆರೈಲ್ (ಆಟೋಕ್ಲೇವ್ ಮಾಡಿದ) ನೀರಿನ 9 ಮಿ.ಲೀ. ಟ್ಯೂಬಿಗೆ ಹಾಕಿ ಚೆನ್ನಾಗಿ ಕುಲುಕಿ. ಅದರಿಂದ 1 ಮಿ.ಲೀ. ತೆಗೆದು ಇನ್ನೊಂದು 9 ಮಿ.ಲೀ. ಟ್ಯೂಬಿಗೆ. ಹೀಗೆ ಆರು ಟ್ಯೂಬ್. ನಾಲ್ಕು, ಐದು, ಆರನೇ ಟ್ಯೂಬುಗಳಿಂದ 0.1 ಮಿ.ಲೀ. ತೆಗೆದು ಪ್ಲೇಟಿನ ಮೇಲೆ ಹರಡಿ. ಪ್ರತಿ ಟ್ಯೂಬಿಗೂ ಪಿಪೆಟ್ಟಿಗೆ ಹೊಸ ಟಿಪ್.

ಶಿಲೀಂಧ್ರದ ಕಾಟ ಹೆಚ್ಚಾದರೆ ಒಂದು ಉಪಾಯ ಇದೆ. ಮೊದಲ ಟ್ಯೂಬನ್ನು 80 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಆಮೇಲೆ ತೆಳು ಮಾಡಿ. ಬ್ಯಾಸಿಲಸ್‌ನ ಬೀಜಕಗಳು ಈ ಬಿಸಿಗೆ ಜಗ್ಗುವುದಿಲ್ಲ, ಉಳಿದ ಬಹುಪಾಲು ಸಾಯುತ್ತವೆ. ಹಾಗೆ ಸಾಯುವವರಲ್ಲಿ ಸೆಲ್ಯುಲೋಮೊನಾಸ್ ಕೂಡ ಒಂದು. ಅದಕ್ಕೇ ಅರ್ಧ ಸ್ಯಾಂಪಲ್ ಬಿಸಿ ಮಾಡಿ, ಅರ್ಧ ಹಾಗೇ ಹಾಕಿ.

ಪ್ಲೇಟುಗಳನ್ನು ತಲೆಕೆಳಗಾಗಿ 30 ಡಿಗ್ರಿಯಲ್ಲಿ ಎರಡರಿಂದ ನಾಲ್ಕು ದಿನ ಇಡಿ. ನಮ್ಮೂರಿನ ಹವೆ ಹಿತವಾಗಿದೆ ಅಂತ ಡಿಸೆಂಬರಿನಲ್ಲಿ ಮೇಜಿನ ಮೇಲೆ ಬಿಟ್ಟರೆ ರಾತ್ರಿಯ ಚಳಿಗೆ ಕಾಲನಿಗಳು ಮುದುಡಿಕೊಳ್ಳುತ್ತವೆ. ಇಂಕ್ಯುಬೇಟರ್ ಬೇಕೇ ಬೇಕು.

ಹಂತ 5: ನಕಲು ಪ್ಲೇಟ್, ಇದನ್ನು ಬಿಟ್ಟರೆ ಅಳಬೇಕಾಗುತ್ತದೆ

ನಾನು ಅತ್ತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಓದುತ್ತಿದ್ದ ಕಾಲದಲ್ಲಿ ಮೊದಲ ಪ್ಲೇಟಿನ ಮೇಲೆಯೇ ಆತುರಕ್ಕೆ ಕಾಂಗೋ ರೆಡ್ ಎಂಬ ಕೆಂಪು ಬಣ್ಣ ಸುರಿದೆ. ಹದಿನೆಂಟು ಕಾಲನಿಗಳಲ್ಲಿ ಒಂದರ ಸುತ್ತ ಎಂಟಾಣೆ ನಾಣ್ಯದಷ್ಟು ಹಳದಿ! ಲ್ಯಾಬಿನವರೆಲ್ಲ ಬಂದು ನೋಡಿದರು. ಆಮೇಲೆ ಆ ಕಾಲನಿಯನ್ನು ಎತ್ತಿ ಬೆಳೆಸೋಣ ಅಂದರೆ ಬಣ್ಣ ಮತ್ತು ಉಪ್ಪುನೀರಿನ ಹೊಡೆತಕ್ಕೆ ಅದು ಏಳಲೇ ಇಲ್ಲ. ಸುರಿದಾಗ ಅಕ್ಕಪಕ್ಕದ ಕಾಲನಿಗಳೂ ಅದರ ಮೇಲೆ ಹರಿದು ಬೆರೆತಿದ್ದವು. ಮತ್ತೆ ಎಲೆರಾಶಿಯಿಂದಲೇ ಶುರು ಮಾಡಿದೆ. ಅಂಥದ್ದು ಇನ್ನೊಂದು ಸಿಗಲಿಲ್ಲ.

ಹಾಗಾಗಿ ಮೊದಲ ಪ್ಲೇಟಿನಿಂದ ನೋಟ ಬೇರೆ ಬೇರೆ ಇರುವ ಕಾಲನಿಗಳನ್ನು ಒಂದೊಂದಾಗಿ ಲೂಪಿನಲ್ಲಿ (ತುದಿಯಲ್ಲಿ ಬಳೆ ಇರುವ ತಂತಿ) ಎತ್ತಿ, ಬೇರೆ ಪ್ಲೇಟಿನಲ್ಲಿ ಗೆರೆ ಎಳೆದು ಶುದ್ಧ ಮಾಡಿ. ಒಂದೇ ರೀತಿಯ ಕಾಲನಿ ಬರುವವರೆಗೆ ಎರಡು ಮೂರು ಸಲ ಎಳೆಯಿರಿ. ಆಮೇಲೆ ಎರಡು ಪ್ಲೇಟಿನ ತಳದಲ್ಲಿ ಒಂದೇ ರೀತಿ ಚೌಕ ಗೀಚಿ, ನಂಬರ್ ಹಾಕಿ, ಒಂದೇ ಕಡ್ಡಿಯಿಂದ ಎರಡಕ್ಕೂ ಚುಕ್ಕೆ ಇಡಿ. ಒಂದು ಪರೀಕ್ಷೆಗೆ, ಇನ್ನೊಂದು ಫ್ರಿಜ್ಜಿಗೆ. ಮನೆಯ ಫ್ರಿಜ್ ಅಲ್ಲ, ಲ್ಯಾಬಿನದು. ಯಾವುದಾದರೂ ಒಂದು ಚೌಕದಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಚುಕ್ಕೆಯೂ ಇರಲಿ. ಲ್ಯಾಬಿನ ಸಾಮಾನ್ಯ ತಳಿ ಸಿಎಂಸಿ ಒಡೆಯುವುದಿಲ್ಲ. ಅದರ ಸುತ್ತಲೂ ಹಳದಿ ಬಂದರೆ ನಿಮ್ಮ ತೊಳೆಯುವಿಕೆಯಲ್ಲೇ ತಪ್ಪಿದೆ ಅಂತ ಅರ್ಥ.

ಹಂತ 6: ಕೆಂಪು ಸುರಿಯುವುದು

ಕಾಂಗೋ ರೆಡ್ 0.1 ಗ್ರಾಂ, ನೀರು 100 ಮಿ.ಲೀ. ಎರಡು ದಿನ ಬೆಳೆದ ಪ್ಲೇಟಿನ ಮೇಲೆ ಮುಳುಗುವಷ್ಟು ಸುರಿದು 15 ನಿಮಿಷ ಬಿಡಿ. ಬಣ್ಣ ಬಗ್ಗಿಸಿ. ಈಗ ಉಪ್ಪುನೀರು: 100 ಮಿ.ಲೀ. ನೀರಿಗೆ 5.8 ಗ್ರಾಂ ಉಪ್ಪು, ಅಂದರೆ ಒಂದು ಮೋಲಾರ್. ಅದನ್ನು ಸುರಿದು 15 ನಿಮಿಷ. ಬೇಕಿದ್ದರೆ ಇನ್ನೊಂದು ಸಲ. ನಿಧಾನಕ್ಕೆ ಕೆಂಪು ಹಿನ್ನೆಲೆಯ ಮೇಲೆ ತಿಳಿ ಹಳದಿ ವೃತ್ತಗಳು ಎದ್ದು ಬರುತ್ತವೆ. ಎಷ್ಟು ವರ್ಷ ನೋಡಿದರೂ ನನಗೆ ಈ ಘಳಿಗೆ ಬೇಸರ ತಂದಿಲ್ಲ.

ಆಗುವುದು ಇಷ್ಟು. ಈ ಬಣ್ಣ ಉದ್ದ ಸರಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕಿಣ್ವ ಹರಡಿದ ಕಡೆ ಸರ ತುಂಡಾಗಿರುತ್ತದೆ, ತುಂಡುಗಳ ಮೇಲಿನ ಬಣ್ಣ ಉಪ್ಪುನೀರಿಗೆ ಬಿಟ್ಟುಹೋಗುತ್ತದೆ. ಟೀದರ್ ಮತ್ತು ವುಡ್ ಎಂಬ ಸಂಶೋಧಕರು 1982ರಲ್ಲಿ ಈ ವಿಧಾನ ಪ್ರಕಟಿಸಿದ್ದು ಹಸುವಿನ ಮೊದಲ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನು ಎಣಿಸುವುದಕ್ಕೆ. ಹುಲ್ಲು ಜೀರ್ಣ ಮಾಡಿಕೊಡುವ ಕೆಲಸಗಾರರು ಅಲ್ಲೇ ತಾನೇ ಇರುವುದು.

ಕೈಗವಸು ಕಡ್ಡಾಯ. ಕಾಂಗೋ ರೆಡ್ ದೇಹದಲ್ಲಿ ಒಡೆದರೆ ಬೆಂಜಿಡೀನ್ ಬರುತ್ತದೆ, ಅದು ಕ್ಯಾನ್ಸರ್ ತರುವ ವಸ್ತು. ಬಣ್ಣದ ನೀರನ್ನು ಸಿಂಕಿಗೆ ಸುರಿಯದೆ ಕ್ಯಾನಿನಲ್ಲಿ ತುಂಬಿಸಿ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ. ಇದೇ ರಗಳೆ ಬೇಡ ಅನ್ನುವವರಿಗೆ ಗ್ರಾಮ್ ಅಯೋಡಿನ್ ಇದೆ. 1 ಗ್ರಾಂ ಅಯೋಡಿನ್, 2 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 300 ಮಿ.ಲೀ. ನೀರು. ಮೂರರಿಂದ ಐದು ನಿಮಿಷ ಸಾಕು. ವೃತ್ತ ಬೇಗ ಕಾಣುತ್ತದೆ, ಆದರೆ ಬೇಗ ಮಾಸುತ್ತದೆ. ಅಳತೆ ಪಟ್ಟಿ ಪಕ್ಕದಲ್ಲೇ ಇಟ್ಟುಕೊಂಡು ಸುರಿಯಿರಿ. ಮಕ್ಕಳ ಕ್ಲಾಸಿಗೆ ನಾನು ಇದನ್ನೇ ಕೊಡುವುದು.

ಹಂತ 7: ವೃತ್ತ ಅಳೆಯುವುದು, ಅದನ್ನು ಅತಿಯಾಗಿ ನಂಬದಿರುವುದು

ವೃತ್ತದ ಅಗಲವನ್ನು ಕಾಲನಿಯ ಅಗಲದಿಂದ ಭಾಗಿಸಿ. ವೃತ್ತ 21 ಮಿ.ಮೀ., ಕಾಲನಿ 7 ಮಿ.ಮೀ. ಆದರೆ ಉತ್ತರ 3. ಎಲ್ಲರೂ ಈ ಸಂಖ್ಯೆಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೊದಲನೆಯದಕ್ಕೆ ಬಹುಮಾನ ಕೊಡುತ್ತಾರೆ. ಸ್ವಲ್ಪ ತಾಳಿ. ನಿಧಾನಕ್ಕೆ ಬೆಳೆಯುವ ಪುಟ್ಟ ಕಾಲನಿಗೆ ಸುಮ್ನೆ ದೊಡ್ಡ ಸಂಖ್ಯೆ ಬರುತ್ತದೆ. ಅಗರಿನಲ್ಲಿ ಸಲೀಸಾಗಿ ಹರಡುವ ಚಿಕ್ಕ ಕಿಣ್ವಕ್ಕೂ ದೊಡ್ಡ ವೃತ್ತ ಬರುತ್ತದೆ. ಕಿಣ್ವವನ್ನು ಮೈಗೆ ಅಂಟಿಸಿಕೊಂಡವನಿಗೆ ವೃತ್ತವೇ ಬರದಿರಬಹುದು.

ಇನ್ನೂ ದೊಡ್ಡ ಮಾತು ಬೇರೆ ಇದೆ. ಮಲ್ಲಿಗೆ ದಂಡೆ ನೆನಪಿದೆಯಾ? ಸಿಎಂಸಿ ಪ್ಲೇಟ್ ಮುಖ್ಯವಾಗಿ ತೋರಿಸುವುದು ನಡುವೆ ಕತ್ತರಿಸುವವನನ್ನು ಮಾತ್ರ, ಅಂದರೆ ಎಂಡೋಗ್ಲೂಕನೇಸನ್ನು. ಸಿಎಂಸಿ ಸಡಿಲ ಸೆಲ್ಯುಲೋಸ್. ಎಲೆಯೊಳಗಿನ ಸೆಲ್ಯುಲೋಸ್ ಎಳೆಗಳು ಒತ್ತೊತ್ತಾಗಿ ಸ್ಫಟಿಕದಂತೆ ಕಟ್ಟಿಕೊಂಡಿರುತ್ತವೆ. ಸಿಎಂಸಿ ಒಡೆದವನು ಎಲೆ ಒಡೆಯುತ್ತಾನೆ ಅಂತ ಏನೂ ಇಲ್ಲ. ಬ್ಯಾಸಿಲಸ್‌ನ ಎಷ್ಟೋ ತಳಿಗಳು ಪ್ಲೇಟಿನಲ್ಲಿ ಹುಲಿ, ಎಲೆಯ ಮುಂದೆ ಇಲಿ.

ಪರೀಕ್ಷೆ ಸುಲಭ. ಹಂತ 2ರ ಲವಣಗಳನ್ನೇ ಹಾಕಿ ದ್ರವ ತಯಾರಿಸಿ. ಸಿಎಂಸಿ, ಅಗರ್, ಯೀಸ್ಟ್ ಎಕ್ಸ್‌ಟ್ರಾಕ್ಟ್ ಮೂರೂ ಬೇಡ. ಟ್ಯೂಬಿಗೆ 1 ಸೆಂ.ಮೀ. ಅಗಲ, 6 ಸೆಂ.ಮೀ. ಉದ್ದದ ವಾಟ್‌ಮನ್ ನಂಬರ್ 1 ಫಿಲ್ಟರ್ ಪೇಪರ್ ಪಟ್ಟಿ ಇಳಿಸಿ, ಸ್ಟೆರೈಲ್ ಮಾಡಿ. ನಿಮ್ಮ ಬ್ಯಾಕ್ಟೀರಿಯಾ ಹಾಕಿ ಎರಡು ವಾರ ಕಾಯಿರಿ. ತಿನ್ನಲು ಆ ಕಾಗದ ಬಿಟ್ಟರೆ ಬೇರೇನೂ ಇಲ್ಲ. ಬ್ಯಾಕ್ಟೀರಿಯಾ ಹಾಕದ ಒಂದು ಟ್ಯೂಬನ್ನೂ ಪಕ್ಕದಲ್ಲಿಡಿ. ನೀರಿನ ಮಟ್ಟದಲ್ಲಿ ಪಟ್ಟಿ ತೆಳುವಾಗಿ, ತೂತಾಗಿ, ಕುಲುಕಿದರೆ ನಾರಾಗಿ ಬಿಚ್ಚಿಕೊಂಡರೆ ನಿಮಗೆ ನಿಜವಾದ ಎಲೆ ಕರಗಿಸುವವನು ಸಿಕ್ಕಿದ್ದಾನೆ. ಹತ್ತು ವೃತ್ತದವರಲ್ಲಿ ಒಬ್ಬನೂ ಪಾಸಾಗದಿದ್ದರೆ ಬೇಜಾರು ಬೇಡ. ಅದನ್ನೇ ವರದಿಯಲ್ಲಿ ಬರೆಯಿರಿ.

ಹಂತ 8: ಎಷ್ಟು ಕಿಣ್ವ ಅಂತ ಲೆಕ್ಕ ಹಾಕುವುದು

ಇದಕ್ಕೆ ಮಿಲ್ಲರ್ ಎಂಬ ವಿಜ್ಞಾನಿ 1959ರಲ್ಲಿ ಪ್ರಕಟಿಸಿದ, ಬಿಡುಗಡೆಯಾದ ಸಕ್ಕರೆಯನ್ನು ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲದ ಬಣ್ಣದಿಂದ ಅಳೆಯುವ ಡಿಎನ್‌ಎಸ್ ವಿಧಾನವೇ ಇವತ್ತಿಗೂ ರೂಢಿ. ಸಿಎಂಸಿ ದ್ರವದಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಸೆಂಟ್ರಿಫ್ಯೂಜಿನಲ್ಲಿ ತಳಕ್ಕೆ ಇಳಿಸಿ, ಮೇಲಿನ ತಿಳಿ ತೆಗೆದುಕೊಳ್ಳಿ. ಕಿಣ್ವ ಇರುವುದು ಅದರಲ್ಲೇ. ತಿಳಿ ಅರ್ಧ ಮಿ.ಲೀ., ಪಿಎಚ್ 7ರ ಬಫರಿನಲ್ಲಿ ಕಲಸಿದ ಶೇ. 1ರ ಸಿಎಂಸಿ ಅರ್ಧ ಮಿ.ಲೀ. ಸೇರಿಸಿ 50 ಡಿಗ್ರಿಯಲ್ಲಿ 30 ನಿಮಿಷ ಇಡಿ. ಡಿಎನ್‌ಎಸ್ 1 ಮಿ.ಲೀ. ಹಾಕಿ ಕುದಿಯುವ ನೀರಿನಲ್ಲಿ ಹತ್ತು ನಿಮಿಷ. ಹಳದಿ ದ್ರವ ಕೆಂಪು ಕಂದಾಗುತ್ತದೆ. 540 ನ್ಯಾನೋಮೀಟರಿನ ಬೆಳಕಿನಲ್ಲಿ ಬಣ್ಣದ ಗಾಢತೆ ಓದಿ. ಗ್ಲೂಕೋಸ್ ಸ್ಟ್ಯಾಂಡರ್ಡುಗಳನ್ನು (ಎಷ್ಟು ಗ್ಲೂಕೋಸ್ ಇದೆ ಅಂತ ಮೊದಲೇ ಗೊತ್ತಿರುವ ದ್ರಾವಣಗಳು) ಅದೇ ಪಾತ್ರೆಯಲ್ಲಿ, ಅದೇ ಹೊತ್ತಿಗೆ ಕುದಿಸಿ. ಆಗ ನಮ್ಮ 97 ಡಿಗ್ರಿಯ ನೀರು ಲೆಕ್ಕ ಕೆಡಿಸುವುದಿಲ್ಲ.

ಉದಾಹರಣೆಗೆ 0.36 ಮಿ.ಗ್ರಾಂ ಗ್ಲೂಕೋಸಿಗೆ ಸಮನಾದ ಸಕ್ಕರೆ ಬಂತು ಅನ್ನಿ. 180 ಮೈಕ್ರೋಗ್ರಾಂ ಅಂದರೆ ಒಂದು ಮೈಕ್ರೋಮೋಲ್, ಹಾಗಾಗಿ ಇದು 2 ಮೈಕ್ರೋಮೋಲ್. 30 ನಿಮಿಷದಿಂದ ಭಾಗಿಸಿ, ಮತ್ತೆ ಅರ್ಧ ಮಿ.ಲೀ.ನಿಂದ ಭಾಗಿಸಿ. ಮಿ.ಲೀ.ಗೆ 0.13 ಯೂನಿಟ್ (ನಿಮಿಷಕ್ಕೆ ಒಂದು ಮೈಕ್ರೋಮೋಲ್ ಸಕ್ಕರೆ ಬಿಡಿಸಿದರೆ ಒಂದು ಯೂನಿಟ್). ಕಿಣ್ವ ಇಲ್ಲದ ಟ್ಯೂಬ್ ಒಂದು, ಸಿಎಂಸಿ ಇಲ್ಲದ ಟ್ಯೂಬ್ ಒಂದು ಇಡಲೇಬೇಕು. ತಿಳಿಯಲ್ಲಿ ಮೊದಲೇ ಇದ್ದ ಸಕ್ಕರೆಯನ್ನು ಕಿಣ್ವದ ಖಾತೆಗೆ ಬರೆದುಕೊಂಡವರನ್ನು ತುಂಬಾ ನೋಡಿದ್ದೇನೆ.

ಕಿಣ್ವದ ವ್ಯಾಪಾರ ಈ ಊರಿಗೆ ಹೊಸದೇನಲ್ಲ. 1978ರಲ್ಲಿ ಕಿರಣ್ ಮಜುಂದಾರ್ ಶಾ ಇಲ್ಲಿ ಬಯೋಕಾನ್ ಶುರು ಮಾಡಿದ್ದು ಪರಂಗಿಯ ಹಾಲಿನಿಂದ ಬರುವ ಪಪೈನ್‌ನಂಥ ಕಿಣ್ವಗಳಿಂದಲೇ. ಪಪೈನ್ ಒಡೆಯುವುದು ಪ್ರೋಟೀನನ್ನು, ಸೆಲ್ಯುಲೋಸನ್ನಲ್ಲ. ನಿಮ್ಮ ಜೀನ್ಸ್ ಪ್ಯಾಂಟು ಹೊಸದರಲ್ಲೇ ಹಳೆಯದರಂತೆ ಮೆತ್ತಗೆ ಇದ್ದರೆ ಅದರ ಹಿಂದೆ ಸೆಲ್ಯುಲೇಸ್ ಇರಬಹುದು. ಗಾರ್ಮೆಂಟ್ಸಿನವರ ಭಾಷೆಯಲ್ಲಿ ಅದು ಬಯೋವಾಷ್. ಹತ್ತಿಯೂ ಸೆಲ್ಯುಲೋಸೇ ಅಲ್ವಾ.

ಹಿಡಿದವರನ್ನು ಏನು ಮಾಡುವುದು

ಎಲ್ಲರೂ ಕೇಳುವ ಪ್ರಶ್ನೆ: ಇವರನ್ನು ಬೆಳೆಸಿ ಕಾಂಪೋಸ್ಟಿಗೆ ಸುರಿಯಬಹುದಾ? ನನ್ನ ಉತ್ತರ, ಬೇಡ. ಹೆಸರು ಗೊತ್ತಿಲ್ಲದ ಬ್ಯಾಸಿಲಸ್ ಸಾಧುವೇ ಆಗಿರಬೇಕು ಅಂತಿಲ್ಲ. ಹೊಟ್ಟೆ ಕೆಡಿಸುವ ಬ್ಯಾಸಿಲಸ್ ಸೀರಿಯಸ್ ಕೂಡ ಮಣ್ಣಿನವನೇ. ಸಾಲದ್ದಕ್ಕೆ, ನೀವು ಅವರನ್ನು ಹಿಡಿದದ್ದೇ ಬಕೆಟ್ಟಿನಿಂದ. ಅಲ್ಲಿ ಬ್ಯಾಕ್ಟೀರಿಯಾಕ್ಕೆ ಬರ ಇಲ್ಲ. ಬರ ಇರುವುದು ನೀರಿಗೆ, ಗಾಳಿಗೆ, ಸಾರಜನಕಕ್ಕೆ. ಎಲೆಯನ್ನು ಪುಡಿ ಮಾಡಿ, ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇಡಿ, ತರಕಾರಿ ಸಿಪ್ಪೆ ಅಥವಾ ಸಗಣಿ ಬೆರೆಸಿ, ಆಗಾಗ ಕೆದಕಿ. ಪುಡಿ ಮಾಡಿದ ಮೇಲೆ ನಮ್ಮ ಹೊಂಗೆ ಎಲೆಯೂ ಹಟ ಬಿಟ್ಟಿತು.

ಒಳ್ಳೆಯ ತಳಿ ಸಿಕ್ಕಿದ್ದರೆ ಶೇ. 20ರ ಗ್ಲಿಸರಾಲಿನಲ್ಲಿ ಬೆರೆಸಿ ಡೀಪ್ ಫ್ರೀಜರಿಗೆ ಸೇರಿಸಿ. ಯಾವ ಬೀದಿ, ಯಾವ ಮರ, ಯಾವ ದಿನ ಅಂತ ಟ್ಯೂಬಿನ ಮೇಲೆಯೇ ಬರೆಯಿರಿ. ಉಳಿದ ಪ್ಲೇಟುಗಳನ್ನು ಕಸಕ್ಕೆ ಎಸೆಯುವ ಮೊದಲು ಆಟೋಕ್ಲೇವಿನಲ್ಲಿ ಅರ್ಧ ಗಂಟೆ ಬೇಯಿಸಿ. ಕಾಂಗೋ ರೆಡ್ ಹಾಕಿದ ಪ್ಲೇಟುಗಳು ಮಾತ್ರ ಬೇರೆ ಚೀಲದಲ್ಲಿ ರಾಸಾಯನಿಕ ತ್ಯಾಜ್ಯಕ್ಕೆ. ಲ್ಯಾಬಿನಲ್ಲಿ ಆಟೋಕ್ಲೇವ್ ಇಲ್ಲ ಅಂತ ಮನೆಯಿಂದ ಕುಕ್ಕರ್ ತಂದಿದ್ದರೆ, ಅದು ಇನ್ನು ಲ್ಯಾಬಿನದೇ. ಮನೆಯವರಿಗೆ ಹೊಸದು ಕೊಡಿಸಿ.